‘ಬಿಗಿನ್’ ಮತ್ತು ‘ಸ್ಟಾರ್ಟ್’ : ಆರಂಭಾರ್ಥಕ ಧಾತುಗಳ ಅರ್ಥವಿಚಾರ

ಎರಡು ಶಬ್ದಗಳಿಗೆ ಒಂದೇ ಅರ್ಥವೆಂದು ನಿಘಂಟು ಹೇಳಿದ ಮಾತ್ರಕ್ಕೆ ಅವುಗಳ ವ್ಯವಹಾರವೂ ಒಂದೇ ಎಂದು ತಿಳಿಯಲಾಗದು. ನಿಘಂಟು ಅರ್ಥದ ನೆಲೆಯನ್ನು ತೋರಿಸುತ್ತದೆ. ಆ ನೆಲೆಯಲ್ಲಿ ಯಾವ ಪದವು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲಲಾರದು ಎಂಬುದನ್ನು ಪ್ರಯೋಗವೇ ತೋರಿಸಬೇಕು. ಆಂಗ್ಲಭಾಷೆಯ ‘ಬಿಗಿನ್’ ಎಂಬ ಕ್ರಿಯಾಪದವು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಪ್ರೌಢಶಾಲೆಯ ವಿದ್ಯಾರ್ಥಿಯನ್ನು ಅದರ ಅರ್ಥವೇನೆಂದು ಕೇಳಿದರೆ ‘ಪ್ರಾರಂಭಿಸು’ ಎಂದು ಒಡನೆಯೇ ಹೇಳುತ್ತಾನೆ. ‘ಸ್ಟಾರ್ಟ್’ ಎಂದರೇನೆಂದು ಕೇಳಿದರೂ ಅದೇ ಉತ್ತರ. ‘ಕಾಮೆನ್ಸ್’ ಎಂದರೂ ಅದೇ. ಉತ್ತರವು ತಪ್ಪಲ್ಲ, ಆದರೆ ಅಪೂರ್ಣವಾದುದು. ಮೂರು ಪದಗಳ ಕೆಲಸವೂ ಒಂದೇ ಆಗಿದ್ದರೆ ಭಾಷೆಯು ಮೂರನ್ನೂ ಉಳಿಸಿಕೊಂಡು ಬರುವ ಅಗತ್ಯವಿರಲಿಲ್ಲ.

ಕನ್ನಡವನ್ನು ಮನೆಮಾತಾಗಿ ಉಳ್ಳ ವಿದ್ಯಾರ್ಥಿಯು ಈ ಧಾತುವಿನ ಪ್ರಯೋಗದಲ್ಲಿ ಎಡವುವ ಸ್ಥಳಗಳು ಬಹುಮಟ್ಟಿಗೆ ನಿಯತವಾಗಿವೆ. ಅವು ಅಜಾಗರೂಕತೆಯಿಂದ ಆಗುವ ತಪ್ಪುಗಳಲ್ಲ. ಕನ್ನಡದ ವ್ಯಾಕರಣವು ಅವನ ನಾಲಗೆಯಲ್ಲಿ ನೆಲಸಿರುವುದರಿಂದಲೇ ಆಂಗ್ಲದ ವಾಕ್ಯವು ಅಲ್ಲಿ ಓರೆಯಾಗುತ್ತದೆ. ರೋಗದ ಮೂಲವು ಎಲ್ಲಿದೆಯೋ ಮದ್ದೂ ಅಲ್ಲಿಯೇ ದೊರೆಯಬೇಕು. ಆದುದರಿಂದ ಈ ಧಾತುವನ್ನು ಕನ್ನಡದ ಆರಂಭವಾಚಕಗಳ ಪಕ್ಕದಲ್ಲಿರಿಸಿ ಪರಿಶೀಲಿಸುವುದು ಆಂಗ್ಲದ ಅಧ್ಯಾಪಕರಿಗೂ ಕನ್ನಡದ ಅಧ್ಯಾಪಕರಿಗೂ ಉಪಯುಕ್ತವಾದೀತು.

ಪದದ ಪೂರ್ವವೃತ್ತಾಂತ

‘ಬಿಗಿನ್’ ಎಂಬುದು ಆಂಗ್ಲರ ಸ್ವಂತ ಪದ. ಜರ್ಮ್ಯಾನಿಕ್ ಭಾಷಾವರ್ಗದಿಂದ ಪರಂಪರಾಗತವಾಗಿ ಬಂದುದು. ಪ್ರಾಚೀನ ಆಂಗ್ಲದಲ್ಲಿ ಇದರ ರೂಪ ‘ಬಿಗಿನ್ನನ್’. ಆ ಕಾಲದಲ್ಲಿ ಇದಕ್ಕಿಂತಲೂ ಹೆಚ್ಚು ಬಳಕೆಯಲ್ಲಿದ್ದುದು ‘ಆನ್‌ಗಿನ್ನನ್’ ಎಂಬ ಸೋದರರೂಪ. ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಇಂದಿಗೂ ‘ಬೆಗಿನ್ನೆನ್’ ಎಂಬ ರೂಪವು ಪ್ರಚಲಿತವಾಗಿದೆ. ಇಲ್ಲಿ ಗಮನಾರ್ಹವಾದ ಸಂಗತಿಯೊಂದುಂಟು. ‘ಗಿನ್’ ಎಂಬ ಈ ಮೂಲಧಾತುವು ಯಾವ ಜರ್ಮ್ಯಾನಿಕ್ ಭಾಷೆಯಲ್ಲಿಯೂ ಒಂಟಿಯಾಗಿ ದೊರೆಯುವುದಿಲ್ಲ; ಯಾವುದಾದರೊಂದು ಉಪಸರ್ಗವನ್ನು ಹಿಡಿದುಕೊಂಡೇ ಕಾಣಿಸಿಕೊಳ್ಳುತ್ತದೆ. ಸಂಸ್ಕೃತದಲ್ಲಿ ‘ರಭ್’ ಧಾತುವು ‘ಆ’ ಎಂಬ ಉಪಸರ್ಗದೊಡನೆ ಸೇರಿ ‘ಆರಂಭ’ವಾಗುವುದನ್ನೂ, ‘ಪ್ರ’ ಎಂಬ ಇನ್ನೊಂದನ್ನು ಕೂಡಿಸಿಕೊಂಡು ‘ಪ್ರಾರಂಭ’ವಾಗುವುದನ್ನೂ ಬಲ್ಲವರಿಗೆ ಇದು ಅಪರಿಚಿತವೆನಿಸದು.

ಮಧ್ಯಕಾಲದ ಆಂಗ್ಲ ಕಾವ್ಯಗಳಲ್ಲಿ ಈ ಧಾತುವಿಗೆ ಇನ್ನೊಂದು ಗತಿಯೂ ಒದಗಿತು. 1400ರಲ್ಲಿ ಕಾಲವಾದ ಚಾಸರ್ ಕವಿಯ ಕೃತಿಗಳಲ್ಲಿ ಉಪಸರ್ಗವು ಬಿದ್ದುಹೋದ ‘ಗ್ಯಾನ್’ ಎಂಬ ಭೂತಕಾಲದ ರೂಪವು ಹೇರಳವಾಗಿದೆ. ಅನೇಕ ಕಡೆ ಅದಕ್ಕೆ ‘ಆರಂಭಿಸಿದನು’ ಎಂಬ ಅರ್ಥವೇ ಉಳಿದಿಲ್ಲ. ಮುಂದಿನ ಕ್ರಿಯೆ ನಡೆಯಿತೆಂಬುದನ್ನು ಸೂಚಿಸುವ ಸಹಾಯಕ ಪದವಾಗಿ ಮಾತ್ರ ಅದು ನಿಂತಿದೆ. ಉತ್ತರ ಕರ್ನಾಟಕದ ಆಡುಮಾತನ್ನು ಬಲ್ಲವರಿಗೆ ಇದಕ್ಕೆ ಸಾದೃಶ್ಯವು ಸುಲಭವಾಗಿ ಹೊಳೆಯುತ್ತದೆ. ‘ಹತ್ತು’ ಎಂದರೆ ಅಂಟಿಕೊಳ್ಳು, ಏರು, ತೊಡಗು ಎಂದೆಲ್ಲ ಅರ್ಥವುಂಟು. ‘ಮಳೆ ಸುರಿಯಹತ್ತಿತು’ ಎಂಬಲ್ಲಿ ಆರಂಭವೇ ಅರ್ಥ. ಆದರೆ ‘ಮಾಡಾಕ ಹತ್ಯಾನ’ ಎಂಬಲ್ಲಿ ಆರಂಭದ ಅರ್ಥವು ಕರಗಿ, ಮಾಡುತ್ತಿದ್ದಾನೆ ಎಂಬ ವರ್ತಮಾನದ ಅರ್ಥವೇ ಮುಂದೆ ಬಂದಿದೆ. ಆರಂಭವಾಚಕ ಧಾತುವು ಸವೆದು ಸಹಾಯಕವಾಗುವುದು ಭಾಷೆಗಳ ಒಂದು ಸಹಜ ಪ್ರವೃತ್ತಿ ಎಂಬುದು ಈ ಎರಡು ನಿದರ್ಶನಗಳಿಂದ ವಿಶದವಾಗುತ್ತದೆ.

‘ಸ್ಟಾರ್ಟ್’ ಎಂಬುದರ ಕಥೆ ಬೇರೆ. ಅದು ಮೊದಲಿಗೆ ಆರಂಭವಾಚಕವೇ ಆಗಿರಲಿಲ್ಲ. ನೆಗೆ, ತಟ್ಟನೆ ಚಲಿಸು, ಬೆಚ್ಚಿಬೀಳು ಎಂಬುವೇ ಅದರ ಹಳೆಯ ಅರ್ಥಗಳು. ಬೆಚ್ಚಿಬೀಳಿಸು ಎಂಬರ್ಥದ ‘ಸ್ಟಾರ್ಟಲ್’ ಎಂಬ ಪದವು ಅದೇ ಕುಲದ್ದು. ಬೇಟೆಗಾರರು ಪೊದೆಯಲ್ಲಿ ಅಡಗಿದ್ದ ಮೊಲವನ್ನು ಎಬ್ಬಿಸಿ ಓಡಿಸುವುದಕ್ಕೂ ಆಂಗ್ಲರು ಇದೇ ಪದವನ್ನು ಬಳಸುತ್ತಿದ್ದರು. ಹೊರಡು, ತೊಡಗು ಎಂಬ ಅರ್ಥಗಳು ಬಹುಕಾಲದ ತರುವಾಯ ಬೆಳೆದುಬಂದುವು. ಆದರೂ ನಿಶ್ಚಲವಾಗಿದ್ದುದು ತಟ್ಟನೆ ಚಲಿಸುವ ಆ ಮೊದಲಿನ ಗುಣವನ್ನು ಪದವು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಮೂರನೆಯದಾದ ‘ಕಾಮೆನ್ಸ್’ ಫ್ರೆಂಚ್ ಭಾಷೆಯಿಂದ ಬಂದುದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ಭಾಷೆಗೆ ಪ್ರಾಬಲ್ಯವುಂಟಾಗಿ, ಅದರ ಅನೇಕ ಪದಗಳು ಆಂಗ್ಲಕ್ಕೆ ಇಳಿದುವು. ಅಂತೆಯೇ ಈ ಪದಕ್ಕೆ ಇಂದಿಗೂ ಕಾನೂನಿನ ಮತ್ತು ಸಮಾರಂಭದ ಗಾಂಭೀರ್ಯವಿದೆ. ಭಾರತದ ಸಂವಿಧಾನವು 1949ರ ನವೆಂಬರ್ 26ರಂದು ಅಂಗೀಕೃತವಾಯಿತು. ಕೆಲವು ವಿಧಿಗಳು ಒಡನೆಯೇ ಜಾರಿಗೆ ಬಂದುವು, ಉಳಿದವು 1950ರ ಜನವರಿ 26ರಂದು ಜಾರಿಗೆ ಬಂದುವು. ಆ ದಿನವನ್ನು ಸಂವಿಧಾನದ ‘ಕಾಮೆನ್ಸ್‌ಮೆಂಟ್’ ಎಂದು 394ನೆಯ ವಿಧಿಯು ಕರೆಯುತ್ತದೆ. ಅಲ್ಲಿ ‘ಬಿಗಿನಿಂಗ್’ ಎಂದಾಗಲಿ ‘ಸ್ಟಾರ್ಟ್’ ಎಂದಾಗಲಿ ಬರೆದಿದ್ದರೆ ಶಾಸನದ ಬಿಗಿಯು ಸಡಿಲಾಗುತ್ತಿತ್ತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪದವಿಪ್ರದಾನ ಸಮಾರಂಭಕ್ಕೂ ಇದೇ ಹೆಸರು. ವಿದ್ಯಾಭ್ಯಾಸವು ಮುಗಿಯುವ ದಿನವನ್ನು ಆರಂಭವೆಂದು ಕರೆಯುವುದು ಹೊರನೋಟಕ್ಕೆ ವಿಚಿತ್ರವಾಗಿ ಕಂಡರೂ, ಪದವೀಧರನ ಜೀವನವು ಅಂದಿನಿಂದ ತೊಡಗುತ್ತದೆಂದು ಭಾವಿಸಿದರೆ ಉಚಿತವೇ ಆಗಿದೆ.

ರೂಪವಿಚಾರ

ಆಂಗ್ಲದ ಬಹುಪಾಲು ಧಾತುಗಳು ಭೂತಕಾಲದಲ್ಲಿ ಕೊನೆಗೊಂದು ಪ್ರತ್ಯಯವನ್ನು ಪಡೆಯುತ್ತವೆ. ‘ಬಿಗಿನ್’ ಆ ಗುಂಪಿಗೆ ಸೇರಿದುದಲ್ಲ. ಅದು ಒಳಗಿನ ಸ್ವರವನ್ನೇ ಬದಲಿಸಿಕೊಳ್ಳುತ್ತದೆ. ಬಿಗಿನ್, ಬಿಗ್ಯಾನ್, ಬಿಗನ್ ಎಂಬ ಮೂರು ರೂಪಗಳನ್ನು ಸಿಂಗ್, ಸ್ಯಾಂಗ್, ಸಂಗ್ ಎಂಬುವುಗಳ ಜೊತೆಗೂ, ಡ್ರಿಂಕ್, ಡ್ರ್ಯಾಂಕ್, ಡ್ರಂಕ್ ಎಂಬುವುಗಳ ಜೊತೆಗೂ ಸಾಲಾಗಿ ಹೇಳಿಸಿದರೆ ಬಾಲಕರಿಗೆ ಸುಲಭವಾಗಿ ಕಂಠಸ್ಥವಾಗುತ್ತದೆ. ಎರಡನೆಯ ರೂಪವು ತಾನಾಗಿಯೇ ವಾಕ್ಯದ ಕ್ರಿಯೆಯಾಗಬಲ್ಲುದು. ಮೂರನೆಯದಕ್ಕೆ ‘ಹ್ಯಾವ್’, ‘ಹ್ಯಾಡ್’ ಮೊದಲಾದ ಸಹಾಯಕಗಳ ಆಸರೆ ಬೇಕು. ‘ಹ್ಯಾವ್ ಬಿಗ್ಯಾನ್’ ಎಂದು ಬರೆಯುವುದು ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲದೆ ಕಚೇರಿಯ ಪತ್ರಗಳಲ್ಲಿಯೂ ಕಾಣಬರುವ ದೋಷವಾಗಿದೆ.

‘ಬಿಗಿನಿಂಗ್’ ಎಂಬ ರೂಪದ ಬರವಣಿಗೆಯಲ್ಲಿ ‘ಎನ್’ ಅಕ್ಷರವು ನಡುವೆ ಎರಡಾವರ್ತಿ ಬರಬೇಕು. ಅದನ್ನು ಒಂದೇ ಬಾರಿ ಬರೆಯುವುದು ಸರ್ವಸಾಮಾನ್ಯವಾದ ತಪ್ಪು. ಧಾತುವಿನ ಕೊನೆಯ ಅಕ್ಷರಭಾಗವು ಹ್ರಸ್ವಸ್ವರದಿಂದ ಕೂಡಿ, ಒಂದೇ ವ್ಯಂಜನದಲ್ಲಿ ಮುಗಿದು, ಉಚ್ಚಾರಣೆಯ ಒತ್ತೂ ಅದರ ಮೇಲೆಯೇ ಬಿದ್ದರೆ ವ್ಯಂಜನಕ್ಕೆ ದ್ವಿತ್ವವೆಂಬುದು ನಿಯಮ. ‘ಬಿಗಿನ್’ ಎಂಬಲ್ಲಿ ಒತ್ತು ‘ಗಿನ್’ ಎಂಬುದರ ಮೇಲಿದೆ, ಆದುದರಿಂದ ದ್ವಿತ್ವ. ‘ಓಪನ್’ ಎಂಬಲ್ಲಿ ಒತ್ತು ಮೊದಲಿಗೇ ಬಿದ್ದಿರುವುದರಿಂದ ‘ಓಪನಿಂಗ್’ ಎಂಬುದಕ್ಕೆ ದ್ವಿತ್ವವಿಲ್ಲ.

ಕನ್ನಡದ ವ್ಯಾಕರಣವನ್ನು ಬಲ್ಲ ಅಧ್ಯಾಪಕರು ಇದನ್ನು ಬೋಧಿಸಲು ಕಷ್ಟಪಡಬೇಕಾಗಿಲ್ಲ. ‘ಕಣ್’ ಎಂಬುದು ‘ಇಂದ’ ಪ್ರತ್ಯಯದೊಡನೆ ಸೇರಿ ‘ಕಣ್ಣಿಂದ’ ಎಂದಾಗುತ್ತದೆ. ‘ಕಲ್’ ಎಂಬುದು ‘ಕಲ್ಲಿಂದ’ ಎಂದಾಗುತ್ತದೆ. ಆದರೆ ‘ಕಾಲ್’ ಎಂಬುದು ‘ಕಾಲಿಂದ’ ಎಂದೇ ಉಳಿಯುತ್ತದೆ, ‘ಕಡಲ್’ ಎಂಬುದು ‘ಕಡಲಿಂದ’ ಎಂದೇ ಉಳಿಯುತ್ತದೆ. ಹ್ರಸ್ವವಾದ ಏಕಾಕ್ಷರದ ಮುಂದಿನ ವ್ಯಂಜನಕ್ಕೆ ಇಲ್ಲಿ ದ್ವಿತ್ವ; ಒತ್ತು ಬಿದ್ದ ಹ್ರಸ್ವದ ಮುಂದಿನ ವ್ಯಂಜನಕ್ಕೆ ಅಲ್ಲಿ ದ್ವಿತ್ವ. ಕನ್ನಡದ ದ್ವಿತ್ವವು ಕಿವಿಗೆ ಕೇಳಿಸುತ್ತದೆ, ಆಂಗ್ಲದ್ದು ಕಣ್ಣಿಗೆ ಮಾತ್ರ ಕಾಣಿಸುತ್ತದೆ ಎಂಬ ಭೇದವನ್ನೂ ಜೊತೆಯಲ್ಲಿಯೇ ತಿಳಿಸಬೇಕು. ಕಾರಣವನ್ನು ತಿಳಿದು ಬರೆದ ವಿದ್ಯಾರ್ಥಿಯು ಇಪ್ಪತ್ತು ಸಲ ನಕಲು ಮಾಡುವ ಶಿಕ್ಷೆಗೆ ಗುರಿಯಾಗಬೇಕಾದ ಪ್ರಸಂಗವೇ ಬಾರದು.

ವಾಕ್ಯದಲ್ಲಿ ಪ್ರಯೋಗ

ಕನ್ನಡದಲ್ಲಿ ‘ಪಾಠವು ಆರಂಭವಾಯಿತು’ ಎಂಬುದಕ್ಕೂ ‘ಗುರುಗಳು ಪಾಠವನ್ನು ಆರಂಭಿಸಿದರು’ ಎಂಬುದಕ್ಕೂ ಕ್ರಿಯೆಯ ರೂಪವೇ ಬೇರೆ. ಒಂದಕ್ಕೆ ‘ಆಗು’, ಇನ್ನೊಂದಕ್ಕೆ ‘ಇಸು’. ಆಂಗ್ಲದ ‘ಬಿಗಿನ್’ ಅಕರ್ಮಕವಾಗಿಯೂ ಸಕರ್ಮಕವಾಗಿಯೂ ಒಂದೇ ರೂಪದಲ್ಲಿ ನಿಲ್ಲುತ್ತದೆ: ‘ದ ಲೆಸನ್ ಬಿಗ್ಯಾನ್’, ‘ದ ಟೀಚರ್ ಬಿಗ್ಯಾನ್ ದ ಲೆಸನ್’. ಕನ್ನಡದ ವಿದ್ಯಾರ್ಥಿಯು ಮೊದಲನೆಯ ವಾಕ್ಯದಲ್ಲಿ ‘ಆಯಿತು’ ಎಂಬುದಕ್ಕೆ ಸಮಾನವಾದ ಪದವನ್ನು ಹುಡುಕಿ ‘ವಾಸ್ ಬಿಗ್ಯಾನ್’ ಎಂದು ಬರೆದುಬಿಡುತ್ತಾನೆ. ಅವನ ಹುಡುಕಾಟವು ತರ್ಕಬದ್ಧವಾದುದೇ. ಆದರೆ ಆ ‘ಆಗು’ ಆಂಗ್ಲದಲ್ಲಿ ಧಾತುವಿನ ಒಳಗೇ ಅಡಗಿದೆ ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ಇದಕ್ಕಿಂತಲೂ ವ್ಯಾಪಕವಾದುದು ವಿಭಕ್ತಿಯ ತೊಡಕು. ‘ಪರೀಕ್ಷೆಗಳು ಸೋಮವಾರದಿಂದ ಆರಂಭವಾಗುತ್ತವೆ’ ಎಂಬುದು ಶುದ್ಧ ಕನ್ನಡ. ಇದನ್ನೇ ಯಥಾವತ್ತಾಗಿ ಆಂಗ್ಲಕ್ಕೆ ತಿರುಗಿಸಿ ‘ಬಿಗಿನ್ ಫ್ರಮ್ ಮಂಡೇ’ ಎಂದು ಬರೆಯುವ ರೂಢಿ ಬಲವಾಗಿದೆ. ಶಾಲೆಯ ಸೂಚನಾಫಲಕಗಳಿಂದ ಹಿಡಿದು ಆಮಂತ್ರಣಪತ್ರಿಕೆಗಳವರೆಗೆ ಅದು ಕಾಣುತ್ತದೆ. ಶಿಷ್ಟ ಆಂಗ್ಲದಲ್ಲಿ ಅದು ‘ಆನ್ ಮಂಡೇ’ ಎಂದಿರಬೇಕು. ಗಂಟೆಯಾದರೆ ‘ಅಟ್ ಟೆನ್’, ತಿಂಗಳಾದರೆ ‘ಇನ್ ಜೂನ್’. ಕನ್ನಡವು ಆರಂಭದ ಕಾಲವನ್ನು ಅಪಾದಾನವಾಗಿ ಕಾಣುತ್ತದೆ: ಕ್ರಿಯೆಯು ಅಲ್ಲಿಂದ ಹೊರಟು ಮುಂದೆ ಸಾಗುತ್ತದೆ ಎಂಬುದು ಅದರ ದೃಷ್ಟಿ. ಆಂಗ್ಲವು ಅದನ್ನೇ ಅಧಿಕರಣವಾಗಿ ಕಾಣುತ್ತದೆ: ಆರಂಭವೆಂಬ ಘಟನೆ ಆ ಕ್ಷಣದಲ್ಲಿ ನಡೆಯಿತು ಎಂಬುದು ಅದರ ದೃಷ್ಟಿ. ಮುಂದೆ ಸಾಗುವ ಅವಧಿಯನ್ನು ಹೇಳುವಾಗ ಆಂಗ್ಲವೂ ‘ಫ್ರಮ್’ ಎನ್ನುತ್ತದೆ. ಗ್ರಂಥಾಲಯವು ಸೋಮವಾರದಿಂದ ತೆರೆದಿರುತ್ತದೆ ಎಂಬಲ್ಲಿ ‘ಓಪನ್ ಫ್ರಮ್ ಮಂಡೇ’ ಎಂಬುದು ಸಾಧುವಾಗಿದೆ. ವರ್ಣಮಾಲೆಯು ‘ಅ’ಕಾರದಿಂದ ಆರಂಭವಾಗುತ್ತದೆ ಎಂಬಲ್ಲಿಯಾದರೋ ‘ಬಿಗಿನ್ಸ್ ವಿತ್’ ಎಂದು ಹೇಳಬೇಕು. ಒಂದು ಕಾರ್ಯದ ಮೂಲಕ ತೊಡಗುವುದನ್ನು ಹೇಳುವಾಗ ‘ಬಿಗಿನ್ ಬೈ’ ಎನ್ನಬೇಕು. ಕನ್ನಡದ ಒಂದೇ ‘ಇಂದ’ ಪ್ರತ್ಯಯಕ್ಕೆ ಆಂಗ್ಲದಲ್ಲಿ ಹೀಗೆ ಹಲವು ಅವ್ಯಯಗಳು ಎದುರುನಿಲ್ಲುತ್ತವೆ.

‘ಬಿಗಿನ್’ ಧಾತುವಿನ ಮುಂದೆ ಇನ್ನೊಂದು ಕ್ರಿಯೆ ಬಂದಾಗ ಅದು ಎರಡು ರೂಪಗಳಲ್ಲಿ ಬರಬಹುದು. ಮಳೆ ಬರತೊಡಗಿತು ಎಂಬುದಕ್ಕೆ ‘ಬಿಗ್ಯಾನ್ ಟು ರೇನ್’ ಎಂದರೂ ಸರಿ, ‘ಬಿಗ್ಯಾನ್ ರೇನಿಂಗ್’ ಎಂದರೂ ಸರಿ, ಅರ್ಥಭೇದ ಹೆಚ್ಚಿಲ್ಲ. ಆದರೆ ‘ಬಿಗಿನಿಂಗ್’ ಎಂದಾದ ಮೇಲೆ ಪುನಃ ‘ರೇನಿಂಗ್’ ಎನ್ನುವುದು ಕಿವಿಗೆ ಹಿತವಲ್ಲ. ಅಲ್ಲಿ ‘ಟು ರೇನ್’ ಎಂಬುದೇ ಉಚಿತ. ತಿಳಿ, ಅರಿ, ನಂಬು ಮೊದಲಾದ ಮನೋವ್ಯಾಪಾರಗಳನ್ನು ಹೇಳುವಾಗಲೂ ‘ಟು’ ರೂಪವೇ ಮೇಲು. ‘ಬಿಗ್ಯಾನ್ ಟು ಅಂಡರ್‌ಸ್ಟ್ಯಾಂಡ್’ ಎಂಬುದೇ ರೂಢಿ. ನಿಷೇಧದಲ್ಲಿ ಈ ಧಾತುವಿಗೆ ಒಂದು ವಿಶೇಷ ಶಕ್ತಿಯುಂಟು. ‘ಕೆನಾಟ್ ಬಿಗಿನ್ ಟು ಡಿಸ್ಕ್ರೈಬ್’ ಎಂದರೆ ವರ್ಣನೆಯನ್ನು ಆರಂಭಿಸಲಾಗದು ಎಂದಷ್ಟೇ ಅಲ್ಲ, ವರ್ಣನೆಯು ಎಷ್ಟುಮಾತ್ರಕ್ಕೂ ಸಾಧ್ಯವಿಲ್ಲ ಎಂದು ತಾತ್ಪರ್ಯ. ಮೊದಲ ಹೆಜ್ಜೆಯನ್ನೇ ನಿರಾಕರಿಸುವುದರಿಂದ ದಾರಿಯೆಲ್ಲವೂ ನಿರಾಕೃತವಾಗುತ್ತದೆ.

ಎರಡು ಧಾತುಗಳ ಭೇದ

ಮಳೆ, ಕೆಲಸ, ಸಭೆ, ಪತ್ರ ಮೊದಲಾದ ಅನೇಕ ವಿಷಯಗಳಲ್ಲಿ ‘ಬಿಗಿನ್’ ಮತ್ತು ‘ಸ್ಟಾರ್ಟ್’ ಪರಸ್ಪರ ಸ್ಥಾನವನ್ನು ತುಂಬಬಲ್ಲುವು. ಮೊದಲನೆಯದು ತುಸು ಗಂಭೀರ, ಎರಡನೆಯದು ಮಾತಿಗೆ ಹತ್ತಿರ. ಆದರೆ ಯಂತ್ರದ ವಿಷಯ ಬಂದೊಡನೆ ದಾರಿ ಕವಲೊಡೆಯುತ್ತದೆ. ಯಂತ್ರವನ್ನು ‘ಸ್ಟಾರ್ಟ್’ ಮಾಡಬಹುದೇ ಹೊರತು ‘ಬಿಗಿನ್’ ಮಾಡಲಾಗದು. ಪ್ರಯಾಣ ಹೊರಡುವುದಕ್ಕೂ, ಅಂಗಡಿಯನ್ನೋ ಸಂಸ್ಥೆಯನ್ನೋ ಹೊಸದಾಗಿ ಸ್ಥಾಪಿಸುವುದಕ್ಕೂ ‘ಸ್ಟಾರ್ಟ್’ ಎಂಬುದೇ ಸಹಜವಾದ ಪದ.

ಈ ಭೇದವನ್ನು ತಿಳಿಯಲು ಆಂಗ್ಲ ಪಂಡಿತರ ಬಳಿಗೇ ಹೋಗಬೇಕೆಂದಿಲ್ಲ. ಆಂಗ್ಲವನ್ನು ಒಂದು ದಿನವೂ ಕಲಿಯದ ಕನ್ನಡದ ರೈತನು ‘ಪಂಪ್‌ಸೆಟ್ ಸ್ಟಾರ್ಟ್ ಮಾಡು’ ಎನ್ನುತ್ತಾನೆ. ‘ಬಿಗಿನ್ ಮಾಡು’ ಎಂದು ಯಾವನೂ ಹೇಳಿದುದಿಲ್ಲ. ಮನೆಯ ಟ್ಯೂಬ್‌ಲೈಟಿನಲ್ಲಿದ್ದ ಪುಟ್ಟ ಡಬ್ಬಿಗೆ ‘ಸ್ಟಾರ್ಟರ್’ ಎಂಬ ಹೆಸರು. ಅದನ್ನು ‘ಬಿಗಿನರ್’ ಎಂದು ಕರೆದರೆ ನಗೆಪಾಟಲಾದೀತು. ‘ಬಿಗಿನರ್’ ಎಂದರೆ ವಿದ್ಯೆಯನ್ನು ಹೊಸದಾಗಿ ಕಲಿಯತೊಡಗಿದವನು. ಕನ್ನಡವು ಎರವಲು ತರುವಾಗಲೇ ಎರಡನ್ನೂ ಬೇರ್ಪಡಿಸಿ, ತನಗೆ ಬೇಕಾದುದನ್ನು ಮಾತ್ರ ಆರಿಸಿಕೊಂಡಿತು.

ಭೇದದ ಸಾರವಿಷ್ಟು. ‘ಸ್ಟಾರ್ಟ್’ ಎಂಬುದು ನಿಶ್ಚಲತೆಯು ಮುರಿದು ಚಲನೆ ಹುಟ್ಟಿದ ಘಳಿಗೆಯನ್ನು ಮುಖ್ಯವಾಗಿ ಹೇಳುತ್ತದೆ. ‘ಬಿಗಿನ್’ ಎಂಬುದು ಮುಂದುವರಿಯಬೇಕಾದ ಒಂದು ಕ್ರಿಯೆಯ ಮೊದಲ ಭಾಗವನ್ನು ಹೇಳುತ್ತದೆ. ಮಧ್ಯ ಮತ್ತು ಅಂತ್ಯಗಳುಳ್ಳ ಪಾಠ, ಗ್ರಂಥ, ವ್ರತ, ಜೀವನ ಇವೆಲ್ಲವೂ ‘ಬಿಗಿನ್’ ಆಗುತ್ತವೆ. ಯಂತ್ರಕ್ಕೆ ಅಂತಹ ಮಧ್ಯಾಂತಗಳಿಲ್ಲ. ಅದು ಓಡುತ್ತದೆ, ಇಲ್ಲವೇ ನಿಲ್ಲುತ್ತದೆ.

ಕನ್ನಡದ ಆರಂಭವಾಚಕಗಳು

ಕನ್ನಡದಲ್ಲಿಯೂ ಈ ಅರ್ಥಕ್ಕೆ ಪದಗಳ ಬಡತನವಿಲ್ಲ. ಅರಬ್ಬೀ ಮೂಲದ ‘ಶುರು’ ಎಂಬುದು ದಿನಬಳಕೆಯಲ್ಲಿ ಬೇರೂರಿದೆ. ‘ತೊಡಗು’ ಎಂಬುದು ದ್ರಾವಿಡ ಮೂಲದ ಅಚ್ಚ ಪದ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಇದರ ಸೋದರರೂಪಗಳಿಗೆ ಆರಂಭವೆಂದೇ ಅರ್ಥ. ‘ಬಿಗಿನ್’ ಎಂಬುದಕ್ಕೆ ಕನ್ನಡದಲ್ಲಿ ಅತ್ಯಂತ ಸಮೀಪವಾದುದು ಇದೇ. ಕೆಲಸದಲ್ಲಿ ತೊಡಗಿದ್ದಾನೆ ಎಂದಾಗ ಆರಂಭ ಮಾತ್ರವಲ್ಲ, ತನ್ಮಯತೆಯೂ ಧ್ವನಿಸುತ್ತದೆ. ‘ಮೊದಲು’ ಎಂಬುದಕ್ಕೆ ಆದಿ ಎಂದೂ, ಬುಡ ಎಂದೂ, ಬಂಡವಾಳ ಎಂದೂ ಅರ್ಥಗಳುಂಟು. ಮರಕ್ಕೆ ಬುಡದಂತೆಯೂ ವ್ಯಾಪಾರಕ್ಕೆ ಬಂಡವಾಳದಂತೆಯೂ ಕಾರ್ಯಕ್ಕೆ ಆರಂಭವು ಆಧಾರವೆಂಬ ಭಾವನೆ ಅದರಲ್ಲಿ ಹುದುಗಿದೆ.

‘ಆರಂಭ’ ಎಂಬ ಸಂಸ್ಕೃತ ಪದದ ಧಾತ್ವರ್ಥವು ಕೈಯಿಂದ ಹಿಡಿಯುವುದು. ಲ್ಯಾಟಿನ್ ಭಾಷೆಯ ‘ಇನ್‌ಸಿಪೆರೆ’ ಎಂಬುದಕ್ಕೂ ಹಿಡಿಯುವುದೇ ಮೂಲಾರ್ಥ. ‘ಉಪಕ್ರಮ’ ಎಂಬಲ್ಲಿ ಕಾಲಿನ ಹೆಜ್ಜೆಯಿದೆ. ‘ಕಾಮೆನ್ಸ್’ ಪದದ ಮೂಲದಲ್ಲಿರುವ ಲ್ಯಾಟಿನ್ನಿನ ‘ಇನಿಷಿಯಂ’ ಎಂಬುದಕ್ಕೂ ಒಳಹೋಗುವುದು ಎಂದೇ ಅರ್ಥ. ಹೀಗೆ ಒಂದು ಆರಂಭವು ಕೈಯಿಂದ, ಇನ್ನೊಂದು ಕಾಲಿನಿಂದ, ಮತ್ತೊಂದು ನೆಗೆತದಿಂದ ಹುಟ್ಟಿದೆ. ಕಾರ್ಯಾರಂಭವೆಂಬ ಅಮೂರ್ತ ಭಾವನೆಯನ್ನು ಮನುಷ್ಯನು ತನ್ನ ಮೈಯ ಚಲನೆಯಿಂದಲೇ ಅರಿತನೆಂಬುದಕ್ಕೆ ಈ ಪದಗಳು ಸಾಕ್ಷಿಯಾಗಿವೆ.

‘ಆರಂಭ’ವು ಕನ್ನಡಕ್ಕೆ ಬಂದು ‘ಆರಂಬ’ವಾಗಿ ಬೇಸಾಯವೆಂಬ ಅರ್ಥವನ್ನು ಪಡೆದುದು ಇನ್ನೂ ಸ್ವಾರಸ್ಯಕರವಾದುದು. ಬೇಸಾಯಗಾರನಿಗೆ ‘ಆರಂಬಗಾರ’ ಎಂಬ ಹೆಸರು ನಾಡಿನಲ್ಲಿ ಪ್ರಚಲಿತವಾಗಿದೆ. ಬಸವಣ್ಣನವರ ವಚನಗಳಲ್ಲಿಯೂ ಈ ಪದವು ಬೇಸಾಯದ ಅರ್ಥದಲ್ಲಿಯೇ ಬಂದು, ಕಾಯಕವನ್ನು ಗುರುಪೂಜೆಗೆ ಅರ್ಪಿಸುವ ಭಾವನೆಯೊಡನೆ ಬೆಸೆದುಕೊಂಡಿದೆ. ಉತ್ತವನು ಬಿತ್ತಬೇಕು, ಬಿತ್ತಿದವನು ಕಳೆಯನ್ನು ತೆಗೆಯಬೇಕು, ಕೊಯ್ದ ಹೊಲವನ್ನು ಮರುವರ್ಷ ಮತ್ತೆ ಉಳಬೇಕು. ಒಂದೇ ಸಲ ಮಾಡಿ ಮುಗಿಸುವ ಆರಂಭವು ಬೇಸಾಯದಲ್ಲಿಲ್ಲ. ವರ್ಷವರ್ಷವೂ ಹೊಸದಾಗಿ ತೊಡಗಬೇಕಾದ ಕೆಲಸಕ್ಕೆ ‘ಆರಂಬ’ವೆಂಬ ಹೆಸರು ಸಾರ್ಥಕವಾಗಿದೆ.

ತಾತ್ಪರ್ಯ

ವಿದ್ಯಾಸಂಸ್ಥೆಗಳ ವಿಷಯದಲ್ಲಿ ಈ ಎರಡು ಧಾತುಗಳನ್ನು ಬಳಸಿ ನೋಡಿದರೆ ಅವುಗಳ ಭೇದವು ಇನ್ನಷ್ಟು ಸ್ಪಷ್ಟವಾಗುತ್ತದೆ. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾಯಿತು. ಅದನ್ನು ಕಟ್ಟಿದ ಏಳು ಮಂದಿ ಮಹನೀಯರನ್ನು ನಾಡು ಸಪ್ತರ್ಷಿಗಳೆಂದು ಗೌರವಿಸುತ್ತದೆ. ಅವರು ಮಾಡಿದ ಕಾರ್ಯವನ್ನು ಆಂಗ್ಲದಲ್ಲಿ ಹೇಳುವಾಗ ‘ಸ್ಟಾರ್ಟೆಡ್’ ಎಂಬುದು ಸಹಜ. ಏನೂ ಇಲ್ಲದಿದ್ದ ಸ್ಥಳದಲ್ಲಿ ಒಂದು ಚಲನೆಯನ್ನು ಹುಟ್ಟಿಸಿದುದು ಅವರ ಹಿರಿಮೆ. ಮಠಗಳ ಆಶ್ರಯದಲ್ಲಿ ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ತೆರೆದ ಪೂಜ್ಯರ ಕಾರ್ಯವೂ, ಅದಕ್ಕೆ ಭೂಮಿಯನ್ನೂ ಧಾನ್ಯವನ್ನೂ ಕೊಟ್ಟ ದಾನಿಗಳ ಕಾರ್ಯವೂ ಅಂತಹುದೇ. ಅಂತಹ ಕಾರ್ಯವು ಒಂದು ಸಲವೇ ನಡೆಯುತ್ತದೆ. ಅದರ ವರ್ಷವನ್ನು ಕಲ್ಲಿನ ಮೇಲೆ ಕೆತ್ತಿಸುತ್ತಾರೆ.

ಪ್ರತಿದಿನ ಬೆಳಗ್ಗೆ ಗಂಟೆ ಬಾರಿಸಿದಾಗ ಆಂಗ್ಲದ ವಾಕ್ಯವು ‘ಸ್ಕೂಲ್ ಬಿಗಿನ್ಸ್’ ಎನ್ನುತ್ತದೆ. ಈ ಆರಂಭದ ದಿನಾಂಕವನ್ನು ಯಾವ ಕಲ್ಲಿನ ಮೇಲೆಯೂ ಕೆತ್ತುವುದಿಲ್ಲ. ಅದು ನಿನ್ನೆಯೂ ಆಯಿತು, ನಾಳೆಯೂ ಆಗಬೇಕು. ಅದನ್ನು ಆಗಮಾಡುವವರು ಉಪಾಧ್ಯಾಯರು. ಒಂದನೆಯ ತರಗತಿಯ ಮಗುವಿಗೆ ‘ಅ’ಕಾರವನ್ನು ತಿದ್ದಿಸುವ ಅಧ್ಯಾಪಕರು ಮೂವತ್ತು ವರ್ಷ ಸೇವೆ ಸಲ್ಲಿಸಿದರೆ ಮೂವತ್ತು ಸಲ ಅದೇ ‘ಅ’ಕಾರದಿಂದ ತೊಡಗುತ್ತಾರೆ. ಅವರಿಗೆ ಅದು ಮೂವತ್ತನೆಯ ಸಲವಾದರೂ ಎದುರಿಗಿರುವ ಮಗುವಿಗೆ ಮೊದಲನೆಯದೇ. ಆ ಮಗುವಿನ ಎದುರಿನಲ್ಲಿ ದಣಿವನ್ನು ತೋರಿಸದೆ ಮತ್ತೆ ತೊಡಗುವ ಶಕ್ತಿಯಿಲ್ಲದಿದ್ದರೆ ಎಷ್ಟು ದೊಡ್ಡ ಕಟ್ಟಡವಿದ್ದರೂ ಅದು ಶಾಲೆಯೆನಿಸದು.

ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಆರು ಲಿಂಗಗಳನ್ನು ಹೇಳಿದ್ದಾರೆ. ಉಪಕ್ರಮ ಮತ್ತು ಉಪಸಂಹಾರಗಳ ಐಕ್ಯವು ಅವುಗಳಲ್ಲಿ ಮೊದಲನೆಯದು. ಎರಡನೆಯದು ಅಭ್ಯಾಸ, ಎಂದರೆ ಹೇಳಿದುದನ್ನೇ ಪುನಃ ಪುನಃ ಹೇಳುವುದು. ಆರಂಭದ ಮಾತೂ ಕೊನೆಯ ಮಾತೂ ಒಂದೇ ಕಡೆಗೆ ನೋಡುತ್ತಿದ್ದರೆ, ನಡುವೆಯೂ ಅದೇ ಮಾತು ಮರಳಿ ಮರಳಿ ಬರುತ್ತಿದ್ದರೆ, ಗ್ರಂಥದ ಅಭಿಪ್ರಾಯವು ಖಚಿತವಾಯಿತೆಂದು ತಿಳಿಯಬೇಕು. ವಿದ್ಯಾಸಂಸ್ಥೆಗೂ ಇದೇ ನ್ಯಾಯವು ಸಲ್ಲುತ್ತದೆ. ಸ್ಥಾಪಕರ ಸಂಕಲ್ಪವು ಅದರ ಉಪಕ್ರಮ. ದಿನದಿನದ ಪಾಠವು ಅದರ ಅಭ್ಯಾಸ. ಬಡವರ ಮಗುವಿಗೆ ಅಕ್ಷರವು ದೊರೆಯಬೇಕೆಂಬುದು ಮೊದಲಿನ ಸಂಕಲ್ಪವಾಗಿದ್ದರೆ, ಇಂದಿನ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತ ಮಗುವಿಗೆ ಅಕ್ಷರವು ದೊರೆಯಿತೇ ಎಂಬುದೇ ಅದರ ಪರೀಕ್ಷೆ.

ಆದುದರಿಂದ ವಿದ್ಯಾರ್ಥಿಗಳಿಗೆ ‘ಬಿಗಿನ್’ ಎಂಬ ಪದವನ್ನು ಬೋಧಿಸುವಾಗ ಅದರ ಮೂರು ರೂಪಗಳನ್ನೂ, ದ್ವಿತ್ವದ ಕಾರಣವನ್ನೂ, ಅವ್ಯಯಗಳ ನಿಯಮವನ್ನೂ ತಿಳಿಸುವುದರ ಜೊತೆಗೆ ಕನ್ನಡದ ‘ತೊಡಗು’ ಎಂಬ ಪದವನ್ನೂ ಅವರ ಕೈಗೆ ಕೊಡಬೇಕು. ತನ್ನ ನುಡಿಯ ‘ತೊಡಗು’ ಪದವನ್ನು ಚೆನ್ನಾಗಿ ಅರಿತ ವಿದ್ಯಾರ್ಥಿಗೆ ಪರನುಡಿಯ ‘ಬಿಗಿನ್’ ಬೇಗನೆ ವಶವಾಗುತ್ತದೆ. ತೊಡಗಿದುದನ್ನು ಮುಂದುವರಿಸಬೇಕೆಂಬ ಅರಿವೂ ಆ ಪದದೊಡನೆಯೇ ಅವನಿಗೆ ದೊರೆಯುತ್ತದೆ.